ಹಳೆಯ ಬಂದೂಕಿಗೆ ಒಪ್ಪುವ ಗುಂಡು

ಪ್ರತಿಯೊಂದು ಹಳೆಯ ಮನೆಯಲ್ಲಿಯೂ ಬಳಸುವಂತಿಲ್ಲದ, ಬಿಸಾಡುವಂತೆಯೂ ಇಲ್ಲದ ಒಂದು ವಸ್ತುವಿರುತ್ತದೆ. ಕೆಲವರ ಮನೆಯಲ್ಲಿ ಅದು ನಿಂತುಹೋದ ಗೋಡೆಗಡಿಯಾರ. ಕೆಲವರಲ್ಲಿ ತಂತಿ ಹರಿದ ತಂಬೂರಿ. ಇನ್ನು ಕೆಲವರಲ್ಲಿ ಯಾರ ಬೆರಳಿಗೂ ಹೊಂದದ ಅಜ್ಜನ ಉಂಗುರ. ಮಕ್ಕಳು ಅದನ್ನು ಮುಟ್ಟಬಾರದು, ಸೊಸೆಯರು ಅದರ ಧೂಳು ಒರೆಸಬೇಕು, ಬಂದ ನೆಂಟರು ಅದನ್ನು ನೋಡಿ "ಈಗಲೂ ನಡೆಯುತ್ತದೆಯೆ?" ಎಂದು ಕೇಳಲೇಬೇಕು. ಆ ಪ್ರಶ್ನೆಗೆ ಯಜಮಾನನು ಕೊಡುವ ಉತ್ತರದಲ್ಲಿ ವಸ್ತುವಿನ ಸಮಾಚಾರಕ್ಕಿಂತ ಯಜಮಾನನ ಸಮಾಚಾರವೇ ಹೆಚ್ಚಾಗಿರುತ್ತದೆ.

ಅಥಣಿ ತಾಲೂಕಿನ ಸತ್ತಿಯಲ್ಲಿ ಅಂಥದೊಂದು ಮನೆ. ಕೃಷ್ಣೆಯ ಸೀಮೆಯ ಕರಿಯ ಮಣ್ಣು, ಆಳೆತ್ತರದ ಕಬ್ಬು, ಮಣ್ಣಿನ ಗೋಡೆ, ಸಾಗವಾನಿಯ ತೊಲೆ, ಪಡಸಾಲೆಯ ಗೂಟದ ಮೇಲೆ ಒಂದು ಬಂದೂಕು. ಯಜಮಾನರು ಗಣಿತ ಕಲಿಸಿ ನಿವೃತ್ತರಾದವರು, ವಯಸ್ಸು 78. ಊರಿಗೆಲ್ಲ ಅವರು 'ಮಾಸ್ತರರು'. ಮನೆಯಲ್ಲಿ ಕೂಡ, ಹೆಂಡತಿಯನ್ನು ಬಿಟ್ಟರೆ, ಎಲ್ಲರಿಗೂ ಅವರೆಂದರೆ ಒಂದಿಷ್ಟು ಶಾಲೆಯ ಭಯವೇ.

ಬಂದೂಕು ಮಾರ್ಟಿನಿ-ಹೆನ್ರಿ ಜಾತಿಯದು. ಕೆಳಗಡೆ ಉದ್ದನೆಯ ಒಂದು ಹಿಡಿ. ಅದನ್ನು ಕೆಳಕ್ಕೆ ಜಗ್ಗಿದರೆ ನಳಿಗೆಯ ಹಿಂಬಾಗಿಲು ತೆರೆಯುತ್ತದೆ. ಒಂದು ಕಾಡತೂಸು ಇಡಬೇಕು, ಹಿಡಿಯನ್ನು ಮೇಲಕ್ಕೆತ್ತಬೇಕು, ಹಾರಿಸಬೇಕು. ಎರಡನೆಯ ಗುಂಡು ಬೇಕಾದರೆ ಮತ್ತೆ ಮೊದಲಿನಿಂದ. ಒಮ್ಮೆಗೆ ಒಂದೇ ಗುಂಡು. ಗುರಿ ತಪ್ಪಿದರೆ ಕ್ಷಮೆಯಿಲ್ಲ. ತೂಕ ಸುಮಾರು 4 ಕಿಲೋ. ಲೈಸೆನ್ಸು ಸರಿಯಾಗಿತ್ತು. ಚುನಾವಣೆ ಬಂದಾಗಲೆಲ್ಲ ಬಂದೂಕು ಪೊಲೀಸ್ ಠಾಣೆಗೆ ಹೋಗಿ ಕೆಲವು ವಾರ ಇದ್ದು, ತವರಿನಿಂದ ಮರಳುವ ಸೊಸೆಯಂತೆ ಮನೆಗೆ ಬರುತ್ತಿತ್ತು.

ಮೊದಲು ಈ ಮನೆಯಲ್ಲಿ ಒಂದು ರೂಢಿಯಿತ್ತು. ನವಮಿಯ ದಿನ ಖಂಡೆಪೂಜೆ; ಮರುದಿನ ಸಂಜೆ ಬನ್ನಿ ಮುಡಿಯಲು ಹೊರಡುವ ಮುನ್ನ ಹಿತ್ತಲಿನ ಮಣ್ಣಿನ ದಿಬ್ಬಕ್ಕೆ ಒಂದು ಗುಂಡು. 1966ರ ದಸರೆಯಲ್ಲಿ ಆ ರೂಢಿ ನಿಂತಿತು. ಅಂದು ಬಂದೂಕು ಹಾರಿಸಿದವರು ಮಾಸ್ತರರ ಅಣ್ಣ. ಕಾಡತೂಸು ಹಿಂದಿನಿಂದ ಹರಿದು, ಬೆಂಕಿಯಂಥ ಗಾಳಿ ಮುಖಕ್ಕೆ ನುಗ್ಗಿ, ಅವರ ಬಲಗಣ್ಣು ಹೋಯಿತು. "ಕಾಡತೂಸು ಹಳೇದಾಗಿತ್ತು, ಕೆಟ್ಟಿತ್ತು" ಎಂದು ಅಣ್ಣನೇ ಎಲ್ಲರಿಗೂ ಹೇಳಿದರು. ಒಂದೇ ಕಣ್ಣಿನಲ್ಲಿ ಹೊಲ ನೋಡಿಕೊಂಡರು, ತಮ್ಮನನ್ನು ಓದಿಸಿದರು, ಅವನ ಮದುವೆ ಮಾಡಿದರು. ಹೋದ ವರ್ಷ ತೀರಿಕೊಂಡರು. ಬಂದೂಕು ಕಾಯಿದೆಯ ಪ್ರಕಾರ ತಮ್ಮನ ಹೆಸರಿಗೆ ಬಂತು.

ಆ ದಸರೆಗೆ ಬೆಂಗಳೂರಿನಿಂದ ಮೊಮ್ಮಗ ಬಂದಿದ್ದ. ಯಂತ್ರಶಾಸ್ತ್ರ ಓದಿದ ಹುಡುಗ; ಹಳೆಯ ಯಂತ್ರ ಕಂಡರೆ ಅದನ್ನು ನಡೆಸಿ ನೋಡುವ ತನಕ ನಿದ್ದೆ ಬಾರದ ಸ್ವಭಾವ. ಅಟ್ಟದ ಮೇಲೆ ಅವನಿಗೊಂದು ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಮೂರು ಬಗೆಯ ಕಾಡತೂಸುಗಳಿದ್ದವು: ಬಾಟಲಿಯಂತೆ ಕೊರಳುಳ್ಳ ದಪ್ಪನೆಯವು ಎರಡು, ಗಿಡ್ಡದಾಗಿ ನೆಟ್ಟಗಿದ್ದದ್ದು ಒಂದು, ಬಡಕಲಾಗಿ ಚೂಪಾಗಿದ್ದದ್ದು ಒಂದು. ಹುಡುಗ ಡಬ್ಬಿಯನ್ನು ಪಡಸಾಲೆಗೆ ತಂದಿಟ್ಟ.

"ಅಜ್ಜಾ, ಬರೇ ಒಂದ ಗುಂಡು. ದೊಡ್ಡಜ್ಜನ ಹೆಸರಿನ್ಯಾಗ. ಇದರಾಗ ಯಾವುದು ಇದಕ್ಕ ಬರತೈತಿ, ಹೇಳ್ರಿ."

ಮಾಸ್ತರರು ಡಬ್ಬಿಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ಕೊನೆಗೆ, "ಒಳಗ ಹೋಗೂದೆಲ್ಲಾ ಬರೂ ಗುಂಡಲ್ಲ, ತಮ್ಮಾ" ಎಂದು ಎದ್ದು ಹೋಗಿ, ಮೂಲೆಯ ಪೆಟ್ಟಿಗೆಯಿಂದ ರಟ್ಟು ಸವೆದ ಒಂದು ದಪ್ಪ ನೋಟುಬುಕ್ಕನ್ನು ತಂದರು. ಅದರ ಹಾಳೆ ಹಾಳೆಗಳಲ್ಲಿ ಬಂದೂಕು, ಗುಂಡು, ಮದ್ದು. ಚಿತ್ರ, ಅಳತೆ, ಲೆಕ್ಕ. ಗಣಿತದ ಮಾಸ್ತರರಿಗೆ ಈ ಹುಚ್ಚೇಕೆ ಎಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಕೇಳಲು ಯಾರಿಗೂ ಧೈರ್ಯವೂ ಇರಲಿಲ್ಲ.

ಹುಡುಗನಿಗೆ ಅಂದು ಮಧ್ಯಾಹ್ನವೆಲ್ಲ ಪಾಠವಾಯಿತು.

ಗುಂಡಿನ ಆಯ್ಕೆಯ ಕಷ್ಟವೆಲ್ಲ ನಳಿಗೆಯೊಳಗಿನ ಗೀರುಗಳಿಂದ ಹುಟ್ಟಿದ್ದು. ಒಳಮೈ ನುಣುಪಾಗಿರುವ ಬಂದೂಕಿಗೆ ಗುಂಡು ತುಸು ಸಡಿಲವಾಗಿದ್ದರೂ ನಡೆಯುತ್ತದೆ. ಅದು ಹೇಗೂ ಸೀದಾ ಬಹುದೂರ ಹೋಗಲಾರದು. ರೈಫಲ್ಲಿನ ನಳಿಗೆಯಲ್ಲಾದರೋ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ. ಗುಂಡು ಅವುಗಳನ್ನು ಕಚ್ಚಿಕೊಂಡು ತಿರುಗುತ್ತ ಹೊರಬರಬೇಕು. ಬುಗುರಿ ತಿರುಗುವಷ್ಟು ಹೊತ್ತು ನೆಟ್ಟಗೆ ನಿಲ್ಲುವಂತೆ, ಗುಂಡು ಕೂಡ ತಿರುಗುವಷ್ಟು ಹೊತ್ತು ಮೂತಿ ಮುಂದಾಗಿ ಹಾರುತ್ತದೆ. ಕಚ್ಚಬೇಕಾದರೆ ಗುಂಡು ಬಿಗಿಯಾಗಿರಬೇಕು. ಆದರೆ ಹಿಂದಿನ ಕಾಲದಲ್ಲಿ ಗುಂಡನ್ನು ನಳಿಗೆಯ ಬಾಯಿಂದ ಒಳಕ್ಕೆ ಇಳಿಸಬೇಕಾಗಿತ್ತು. ಬಿಗಿಯಾದ ಗುಂಡು ಇಳಿಯದು. ಹೋಗುವಾಗ ಸಡಿಲ, ಬರುವಾಗ ಬಿಗಿ: ಈ ಒಗಟನ್ನು ಬಿಡಿಸಲು ಫ್ರೆಂಚರ ಮಿನಿಯೇ ಎಂಬ ಅಧಿಕಾರಿಯು ಮೆತ್ತನೆಯ ಸೀಸದ ಗುಂಡಿನ ತಳವನ್ನು ಪೊಳ್ಳು ಮಾಡಿದನು. ಮದ್ದು ಸಿಡಿದಾಗ ತಳ ಅರಳಿ ಗೀರುಗಳನ್ನು ತುಂಬುತ್ತದೆ. ಇಂಗ್ಲಿಷರ 1853ರ ಎನ್‌ಫೀಲ್ಡ್ ಬಂದೂಕು ಇದೇ ತತ್ತ್ವದ್ದು.

ಆ ಗುಂಡು ಸುಲಭವಾಗಿ ಇಳಿಯಲು ಅದಕ್ಕೆ ಸುತ್ತಿದ ಕಾಗದಕ್ಕೆ ಜಿಡ್ಡು ಸವರಬೇಕಾಗಿತ್ತು. ಕಾಗದದ ತುದಿಯನ್ನು ಸಿಪಾಯಿ ಹಲ್ಲಿನಿಂದ ಹರಿಯಬೇಕಾಗಿತ್ತು. ಮುಂದಿನದು ಶಾಲೆಯ ಮಕ್ಕಳೂ ಬಲ್ಲ ಕಥೆ. 1857ರ ಜನವರಿಯಲ್ಲಿ ಕಲಕತ್ತೆಯ ಹತ್ತಿರದ ಡಂಡಂನಲ್ಲಿ, ಆ ಜಿಡ್ಡು ದನದ ಮತ್ತು ಹಂದಿಯ ಕೊಬ್ಬು ಎಂಬ ಸುದ್ದಿ ಹುಟ್ಟಿತು. ಬೇಕಾದ ಜಿಡ್ಡನ್ನು ನೀವೇ ಸವರಿಕೊಳ್ಳಿರೆಂದು ಅಧಿಕಾರಿಗಳು ಹೇಳಿದರೂ ಸಂಶಯ ಅಳಿಯಲಿಲ್ಲ. ಒಂದು ಗುಂಡು ನಳಿಗೆಗೆ ಒಪ್ಪುವಂತೆ ಎಲ್ಲ ಲೆಕ್ಕವನ್ನೂ ಹಾಕಿದವರು, ಅದು ಹಾರಿಸುವವನಿಗೆ ಒಪ್ಪುವುದೆ ಎಂಬ ಲೆಕ್ಕವನ್ನು ಮಾತ್ರ ಹಾಕಲಿಲ್ಲ.

ಆ ವರ್ಷದ ಬಿಸಿ ಈ ಸೀಮೆಗೂ ತಟ್ಟಿತ್ತು. ಜುಲೈ 31ರಂದು ಕೊಲ್ಲಾಪುರದಲ್ಲಿ ಮುಂಬಯಿ ಸೈನ್ಯದ 27ನೆಯ ಪಲ್ಟನ್ನು ದಂಗೆಯೆದ್ದಿತು. ಅನಂತರ ಬಂದದ್ದು ಜನರ ಆಯುಧ ಕಸಿಯುವ ಕಾಯಿದೆ. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ತಮ್ಮ ಹತಾರಗಳನ್ನು ಒಪ್ಪಿಸಲು ಒಲ್ಲೆವೆಂದರು. ನವೆಂಬರ್ ತಿಂಗಳಲ್ಲಿ ದಂಡು ಬಂದು ಊರನ್ನು ಮುತ್ತಿತು. ಅನೇಕರು ಹತರಾದರು, ಹಲವರನ್ನು ಗಲ್ಲಿಗೇರಿಸಿದರು. ಈ ಕಥೆಯು ಲಾವಣಿಯಾಗಿ ಉತ್ತರ ಕರ್ನಾಟಕದ ಬಾಯಲ್ಲಿ ಉಳಿಯಿತು. ಬೇಟೆಯೇ ಬದುಕಾದವನಿಗೆ ಆಯುಧವು ಅಲಂಕಾರವಲ್ಲ, ಅನ್ನ. ಅದನ್ನು ಕೊಡೆಂದರೆ ಕೈಯನ್ನೇ ಕೊಡೆಂದಂತೆ. "ನಮ್ಮ ಕಡೆ ಬಂದೂಕಿನ ಮ್ಯಾಲೆ ಜನಕ್ಕ ಇಷ್ಟ ಅಭಿಮಾನ ಯಾಕ ಅಂತಿ? ಕಳಕೊಂಡ ಗೊತ್ತೈತಿ, ಅದಕ್ಕ" ಎಂದರು ಮಾಸ್ತರರು.

ಹುಡುಗ ಗಿಡ್ಡನೆಯ ಕಾಡತೂಸನ್ನು ಮುಂದಿಟ್ಟ. ಅದು ಸ್ನೈಡರ್ ಬಂದೂಕಿನದು. 1866ರಲ್ಲಿ ಇಂಗ್ಲಿಷರು ತಮ್ಮ ಎನ್‌ಫೀಲ್ಡ್ ನಳಿಗೆಗಳ ಹಿಂಭಾಗವನ್ನು ಕತ್ತರಿಸಿ ಬಾಗಿಲು ಕೂಡಿಸಿದರು. ಕಾಗದದ ಬದಲು ಹಿತ್ತಾಳೆಯ ತಗಡಿನ ಕಾಡತೂಸು ಬಂತು. ಹಿಂದಿನಿಂದ ತುಂಬುವುದರಿಂದ ಇಳಿಸುವ ತೊಂದರೆಯೇ ಇಲ್ಲವಾಯಿತು. ಇದರ ನಳಿಗೆಯ ಅಗಲ ಅಂಗುಲದ ಸಾವಿರದಲ್ಲಿ 577 ಭಾಗ. ಮಾಸ್ತರರ ಬಂದೂಕಿನದಾದರೋ ಹೆಸರಿಗೆ 450. ಆದ್ದರಿಂದ ಅದು ಬದಿಗೆ ಸರಿಯಿತು.

ಮಾರ್ಟಿನಿ-ಹೆನ್ರಿಯು 1871ರಲ್ಲಿ ಬಂದದ್ದು. ಹಿಂಬಾಗಿಲಿನ ಯುಕ್ತಿ ಸ್ವಿಟ್ಜರ್ಲೆಂಡಿನ ಮಾರ್ಟಿನಿಯದು. ನಳಿಗೆಯ ಗೀರು ಎಡಿನ್‌ಬರೋದ ಹೆನ್ರಿಯದು. ಗೀರುಗಳು ಏಳು, 22 ಅಂಗುಲಕ್ಕೆ ಒಂದು ಸುತ್ತು. ನಳಿಗೆಯ ಉದ್ದ 33 ಅಂಗುಲವಾದ್ದರಿಂದ ಗುಂಡು ಒಳಗೆ ಒಂದೂವರೆ ಸುತ್ತು ಸುತ್ತಿ ಹೊರಬೀಳುತ್ತದೆ. ಗುಂಡಿನ ತೂಕ 31 ಗ್ರಾಮು, ಎಂದರೆ ಎರಡೂವರೆ ತೊಲೆಗಿಂತ ಹೆಚ್ಚು. ಅದರ ಹಿಂದೆ ಅರ್ಧ ತೊಲೆಗೆ ತುಸು ಕಡಿಮೆ ಕರಿಮದ್ದು. ಗುಂಡು ಬರಿಯ ಸೀಸವಲ್ಲ. ಹನ್ನೆರಡು ಪಾಲು ಸೀಸಕ್ಕೆ ಒಂದು ಪಾಲು ತವರ. ಅದರ ಸುತ್ತ ತೆಳ್ಳನೆಯ ಕಾಗದ, ಹಿಂದೆ ಜೇನುಮೇಣದ ಬಿಲ್ಲೆ. ಕರಿಮದ್ದು ಸುಟ್ಟಾಗ ನಳಿಗೆಗೆ ಮಸಿ ಮೆತ್ತುತ್ತದೆ. ಮೇಣ ಅದನ್ನು ಮೆತ್ತಗಿಡುತ್ತದೆ, ಕಾಗದ ಸೀಸವನ್ನು ನಳಿಗೆಗೆ ಅಂಟಗೊಡದು. ಒಂದು ಗುಂಡನ್ನು ಇಷ್ಟು ಉಪಚಾರದಿಂದ ಕಳುಹಿಸಬೇಕೆ ಎಂದು ಓದುಗರಿಗೆ ಸೋಜಿಗವೆನಿಸಬಹುದು. ಮದುವಣಗಿತ್ತಿಯನ್ನು ಕೂಡ ಇಷ್ಟು ಜೋಪಾನವಾಗಿ ಕಳುಹಿಸುವುದಿಲ್ಲ.

ಒಪ್ಪುವ ಗುಂಡಿನ ಜೊತೆಗೆ ಇನ್ನೊಂದು ವಿಚಾರವೂ ಬೆರೆತಿತ್ತು. ಅದು ನಂಬಿಕೆಯ ವಿಚಾರ. 1857ರ ಬಳಿಕ ಭಾರತೀಯ ಸಿಪಾಯಿಗೆ ಇಂಗ್ಲಿಷ್ ಸೋಲ್ಜರನಿಗಿಂತ ಒಂದು ತಲೆಮಾರು ಹಳೆಯ ಬಂದೂಕು ಕೊಡುವುದು ಸರಕಾರದ ಪದ್ಧತಿಯಾಯಿತು. 1880ರಲ್ಲಿ ಅಫಘಾನಿಸ್ತಾನದ ಮೈವಂದದ ಕಾಳಗದಲ್ಲಿ ಗೋರಾ ಪಲ್ಟನ್ನಿನ ಕೈಯಲ್ಲಿ ಮಾರ್ಟಿನಿ; ಅವರ ಮಗ್ಗುಲಲ್ಲೇ ನಿಂತು ಸಾಯುತ್ತಿದ್ದ ಮುಂಬಯಿಯ ಸಿಪಾಯಿಗಳ ಕೈಯಲ್ಲಿ ಸ್ನೈಡರ್. ಮುಂದೆ ಮಾರ್ಟಿನಿ ಹಳೆಯದಾದಾಗ ಗಡಿನಾಡಿನ ಪಠಾಣರ ಕೈಗೂ ಅದು ಸಿಕ್ಕಿತು. ಅದಕ್ಕೆ ಗುಂಡು ದೊರೆಯದಂತೆ ಮಾಡಲು 1907ರ ಸುಮಾರಿಗೆ ಸರಕಾರವು 450ರ ಅಳತೆಯ ಕಾಡತೂಸುಗಳನ್ನು ಹಿಂದುಸ್ಥಾನಕ್ಕೆ ತರಕೂಡದೆಂದು ವಿಧಿಸಿತು. ಸಾಹೇಬರ ಬೇಟೆಗೆ ಅದರಿಂದ ಅಡ್ಡಿಯಾಯಿತು. ಲಂಡನ್ನಿನ ಬಂದೂಕುಗಾರರು ಸುಮ್ಮನಿರಲಿಲ್ಲ. 465, 470, 475 ಎಂದು ಹೊಸ ಅಳತೆಗಳನ್ನೇ ಹುಟ್ಟಿಸಿದರು. ಸಾಹೇಬನಿಗೆ ಹೊಸ ಬಂದೂಕು ಬಂತು. ಹಳ್ಳಿಯ ಹಳೆಯ ಮಾರ್ಟಿನಿ ಗುಂಡಿಲ್ಲದೆ ಗೂಟಕ್ಕೆ ಏರಿತು.

"ಹಂಗಾರ ಇದು?" ಹುಡುಗ ಬಡಕಲು ಕಾಡತೂಸನ್ನು ಬೆರಳಲ್ಲಿ ಎತ್ತಿದ. "ಇದಂತೂ ಸಲೀಸಾಗಿ ಒಳಗ ಹೋಗತೈತಿ ಅನಸ್ತದ."

ಅದು 303. ಮುಂದಿನ ಕಾಲದ ಗುಂಡು. ತೂಕ ಮಾರ್ಟಿನಿಯ ಗುಂಡಿನ ಅರ್ಧದಷ್ಟೂ ಇಲ್ಲ, ಆದರೆ ವೇಗ ಬಹಳ. ಮೆತ್ತನೆಯ ಸೀಸ ಆ ವೇಗ ತಾಳದೆಂದು ಅದಕ್ಕೆ ಗಟ್ಟಿ ಲೋಹದ ಹೊದಿಕೆ. ಹೊದಿಕೆಯ ಗುಂಡು ಮೈಯಲ್ಲಿ ತೂರಿ ಆಚೆ ಹೋಗುತ್ತದೆ, ಮನುಷ್ಯ ಬೀಳುವುದಿಲ್ಲ ಎಂದು ಗಡಿನಾಡಿನ ದಂಡು ದೂರಿದಾಗ, 1890ರ ದಶಕದಲ್ಲಿ ಅದೇ ಡಂಡಂನ ಕಾರ್ಖಾನೆಯು ಮೂತಿಯ ಹೊದಿಕೆ ಬಿಟ್ಟು ಒಳಗೆ ಅರಳುವ ಗುಂಡನ್ನು ಮಾಡಿತು. ಅದರ ಗಾಯ ಕಂಡು ಜಗತ್ತೇ ಬೆಚ್ಚಿತು. 1899ರಲ್ಲಿ ಹೇಗ್ ನಗರದ ಸಮ್ಮೇಳನವು ಯುದ್ಧದಲ್ಲಿ ಅಂಥ ಗುಂಡು ಕೂಡದೆಂದು ಘೋಷಿಸಿತು. ಹೀಗೆ ಕಲಕತ್ತೆಯ ಬಳಿಯ ಒಂದು ಊರು ನಾಲ್ಕು ದಶಕಗಳ ಅಂತರದಲ್ಲಿ ಎರಡು ಸಲ, ತಪ್ಪಾದ ಗುಂಡಿನಿಂದಲೇ ಲೋಕಕ್ಕೆಲ್ಲ ಹೆಸರಾಯಿತು.

ಆದರೆ 303ರಲ್ಲಿ ನಿಜವಾಗಿ ಹೊಸದಾದದ್ದು ಗುಂಡಲ್ಲ, ಅದರ ಹಿಂದಿನ ಮದ್ದು. ಕರಿಮದ್ದು ಎತ್ತಿನಂತೆ ಗುಂಡನ್ನು ದಬ್ಬುತ್ತದೆ. ಹೊಗೆಯಿಲ್ಲದ ಹೊಸ ಮದ್ದು ಅದಕ್ಕಿಂತ ಬಹುಪಾಲು ಹೆಚ್ಚಿನ ಒತ್ತಡ ಹುಟ್ಟಿಸುತ್ತದೆ. ಅದು ಶಾವಿಗೆಯಂತೆ ಎಳೆ ಎಳೆಯಾಗಿ ಕಾಣುವ ವಸ್ತು. ಇದನ್ನು ಹೇಳುವಾಗ ಮಾಸ್ತರರ ದನಿ ತಗ್ಗಿತು. ಹುಡುಗ ಅದನ್ನು ಗಮನಿಸಲಿಲ್ಲ.

ಉಳಿದದ್ದು ಬಾಟಲಿಯಂಥ ಎರಡು ಕಾಡತೂಸು. ಬಂದೂಕಿನವೇ, ನಿಜ. ಆದರೆ ಹಿತ್ತಾಳೆಯ ತಗಡು ಹಸಿರುಗಟ್ಟಿ, ಬೆರಳು ಮುಟ್ಟಿದರೆ ಪುಡಿಯಾಗುವಂತಿತ್ತು. "ಇವು ಬ್ಯಾಡ. ಹೊಸದು ಮಾಡಸೂಣು" ಎಂದ ಹುಡುಗ. "ಲೈಸೆನ್ಸಿದ್ದ ಅಂಗಡ್ಯಾಗ ಕೇಳೂಣು. ಈಗ ಪರದೇಶದಾಗ ಈ ಅಳತಿ ಗುಂಡು ಸಿಗತಾವಂತ."

"ಯಾವ ಅಳತಿ?" ಎಂದು ಮಾಸ್ತರರು ಕೇಳಿದರು.

"450."

"ಅದು ಹೆಸರು. ಅಳತಿ ಅಲ್ಲ."

ಮಾಸ್ತರರು ಎದ್ದು ಬಂದೂಕನ್ನು ಇಳಿಸಿದರು. ಹಿಡಿಯನ್ನು ಜಗ್ಗಿ ಒಳಗೆ ನೋಡಿದರು, ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದರು, ಹುಡುಗನಿಗೂ ತೋರಿಸಿದರು. ಖಾಲಿಯಿದೆಯೆಂದು ಗೊತ್ತಿದ್ದರೂ ನೋಡುವುದು ಬಂದೂಕಿನ ಮೊದಲ ಶಿಸ್ತು. ಬಳಿಕ ನಳಿಗೆಗೆ ಎಣ್ಣೆ ಸವರಿ, ಮೀನಿನ ಬಲೆಗೆ ಕಟ್ಟುವ ಮೆತ್ತನೆಯ ಸೀಸದ ತುಂಡೊಂದನ್ನು ಬಾಯಿಯಲ್ಲಿಟ್ಟು, ನುಣುಪಾದ ಕಟ್ಟಿಗೆಯ ಕೋಲಿನಿಂದ ಮೆಲ್ಲಗೆ ಬಡಿಯುತ್ತ ಒಳಕ್ಕೆ ದಾಟಿಸಿದರು. ಸೀಸವು ನಳಿಗೆಯ ಅಗಲಕ್ಕೆ ಹೊಂದಿಕೊಳ್ಳುತ್ತ, ಸುತ್ತುತ್ತ, ಹಿಂಬಾಗಿಲಿನಿಂದ ಟಪಕ್ಕೆಂದು ಅಂಗೈಗೆ ಬಿತ್ತು. ಅದರ ಮೈಮೇಲೆ ಏಳು ಗೀರುಗಳ ಗುರುತು ಅಚ್ಚೊತ್ತಿದಂತೆ ಮೂಡಿತ್ತು. ನೂರಕ್ಕೂ ಹೆಚ್ಚು ವರ್ಷದ ನಳಿಗೆಯು ತನ್ನ ಒಳಗಿನ ಮಾತನ್ನು ಹೀಗೆ ಬರೆದುಕೊಟ್ಟಿತ್ತು.

ಹುಡುಗ ತನ್ನ ಚೀಲದಿಂದ ವರ್ನಿಯರ್ ಅಳತೆಗೋಲನ್ನು ತೆಗೆದ. ಸೀಸವನ್ನು ಅದರ ದವಡೆಗಳ ನಡುವೆ ಹಿಡಿದು, "11.5 ಮಿಲಿಮೀಟರು!" ಎಂದು ಹಿಗ್ಗಿದ. 450 ಎಂದರೆ 11.43. ಈಗ ಸಿಗುವ ಗುಂಡಿನ ಅಗಲ 11.63. ತುಸು ದಪ್ಪವೇ ಆಯಿತು, ಬಿಗಿಯಾಗಿ ಕೂರುತ್ತದೆ. ಲೆಕ್ಕ ಮುಗಿಯಿತು.

"ಗೀರು ಎಷ್ಟು?" ಎಂದು ಮಾಸ್ತರರು ಕೇಳಿದರು.

"ಏಳು."

"ಏಳು ಸಮವೋ, ಬೆಸವೋ?"

ಹುಡುಗ ಸುಮ್ಮನಾದ. ಗೀರುಗಳು ಆರೋ ಎಂಟೋ ಇದ್ದರೆ ಒಂದು ಗೀರಿನ ಎದುರಿಗೆ ಇನ್ನೊಂದು ಗೀರು ಬರುತ್ತದೆ. ಅಳತೆಗೋಲು ನಿಜ ಹೇಳುತ್ತದೆ. ಏಳಿದ್ದಾಗ ಗೀರಿನ ಎದುರಿಗೆ ಬರುವುದು ದಿಂಡು. ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು. ಅಳತೆಗೋಲು ಎರಡರ ನಡುವಿನ ಸುಳ್ಳೊಂದನ್ನು ಹೇಳುತ್ತದೆ, ಅದೂ ಬಹಳ ಖಚಿತವಾಗಿ.

ಮಾಸ್ತರರು ಹಳೆಯ ಪತ್ರಿಕೆಯ ಅಂಚಿನಿಂದ ಕಾಗದದ ಒಂದು ಪಟ್ಟಿ ಹರಿದು, ಸೀಸದ ಸುತ್ತ ಬಿಗಿಯಾಗಿ ಸುತ್ತಿ, ಕೂಡಿದಲ್ಲಿ ಸೂಜಿಯಿಂದ ಚುಚ್ಚಿ, ಬಿಚ್ಚಿ ಅಳೆದರು. 37 ಮಿಲಿಮೀಟರು. "ಪರಿಧಿ ಗೊತ್ತಾತು. ವ್ಯಾಸ ಎಷ್ಟು?" ಏಳನೆಯ ಇಯತ್ತೆಯ ಲೆಕ್ಕ. 37ನ್ನು 7ರಿಂದ ಗುಣಿಸಿ 22ರಿಂದ ಭಾಗಿಸಿದಾಗ 11.77 ಬಂತು. ಈಗ ಸಿಗುವ ಗುಂಡು 11.63ರದು, ಎರಡು ಕೂದಲೆಳೆಯಷ್ಟು ಕಡಿಮೆ. ಆದರೆ ಆ ಎರಡು ಕೂದಲಿನ ಸಂದಿನಲ್ಲಿ ಮದ್ದಿನ ಗಾಳಿ ನುಸುಳುತ್ತದೆ. ಗುಂಡು ಗೀರು ಕಚ್ಚುವುದಿಲ್ಲ. ಹೊರಬಿದ್ದ ಮೇಲೆ ಪಲ್ಟಿ ಹೊಡೆಯುತ್ತ ಹೋಗುತ್ತದೆ. ಗಟ್ಟಿ ಹೊದಿಕೆಯ ಗುಂಡಾದರೆ ಅರಳುವುದೂ ಇಲ್ಲ. ಹಳೆಯ ನಳಿಗೆಗೆ ಬೇಕಾದದ್ದು ತುಸು ದಪ್ಪನೆಯ, ಮೆತ್ತನೆಯ, ಭಾರವಾದ ಗುಂಡು. ಹಿಂದಿನಿಂದ ಮೆಲ್ಲಗೆ ದಬ್ಬುವ ಮದ್ದು. ಹಳೆಯದರ ಜೊತೆಗೆ ವ್ಯವಹರಿಸುವವರು ಮೆತ್ತಗಾಗಬೇಕು. ಗಟ್ಟಿತನ ತೋರಿಸಿದರೆ ಹಳೆಯದು ಒಡೆಯುತ್ತದೆ.

"ಹಂಗಾರ ಅಳತಿ ಗೊತ್ತಾತಲ್ಲಾ ಅಜ್ಜಾ! ಅಚ್ಚು ಮಾಡಿಸಿ ಮೆತ್ತನ್ನ ಸೀಸದ್ದ ಹಾಕೂಣು. ಒಂದ ಗುಂಡು, ಅಷ್ಟ."

ಮಾಸ್ತರರು ನೋಟುಬುಕ್ಕನ್ನು ಮುಚ್ಚಿದರು. "ಗುಂಡಿನ ಲೆಕ್ಕ ಮುಗೀತು. ಮದ್ದಿನ ಲೆಕ್ಕ ಉಳದೈತಿ" ಎಂದರು. ಅನಂತರ, ಅರವತ್ತು ವರ್ಷಗಳ ಹತ್ತಿರ ಯಾರಿಗೂ ಹೇಳದ ಮಾತನ್ನು ಹೇಳಿದರು.

1966ರಲ್ಲಿ ಅವರಿಗೆ 19. ಬೆಳಗಾವಿಯ ಕಾಲೇಜಿನಲ್ಲಿ ಓದುತ್ತಿದ್ದ ಹುಡುಗ. ತನಗೆ ಎಲ್ಲ ಗೊತ್ತೆಂದು ತಿಳಿಯುವ ವಯಸ್ಸು. ಡಬ್ಬಿಯ ಕಾಡತೂಸುಗಳ ಕರಿಮದ್ದು ತೇವ ಹಿಡಿದಿತ್ತು. ಅಣ್ಣ ಈ ಸಲ ಗುಂಡು ಬೇಡವೆಂದರು. ಹುಡುಗ ಕೇಳಲಿಲ್ಲ. ರಾತ್ರಿ ಒಬ್ಬನೇ ಕುಳಿತು ಒಂದು ಕಾಡತೂಸಿನ ಹಳೆಯ ಮದ್ದನ್ನು ಸುರಿದು, 303ರ ಕಾಡತೂಸು ಬಿಚ್ಚಿ ಅದರ ಎಳೆಮದ್ದನ್ನು ತುಂಬಿಟ್ಟ. ಮದ್ದೆಂದರೆ ಮದ್ದು, ಎಲ್ಲ ಒಂದೇ ಎಂದು ಅವನು ತಿಳಿದಿದ್ದ. ಬೆಳಗಾದ ಮೇಲೆ "ಇದೊಂದು ಒಣಾ ಐತಿ, ಅಣ್ಣಾ" ಎಂದು ಅದನ್ನು ಅಣ್ಣನ ಕೈಗೆ ಕೊಟ್ಟ.

"ಕರಿಮದ್ದಿಗಂತ ಮಾಡಿದ ತೆಳ್ಳನ್ನ ತಗಡು. ಹರೀತು. ಕಣ್ಣ ಹೋದದ್ದು ಅಣ್ಣಂದು, ಕೈ ನಂದು. ಯಾರೂ ಕೇಳಲಿಲ್ಲ, ನಾ ಹೇಳಲೂ ಇಲ್ಲ. ಆಮ್ಯಾಲೆ ಈ ಬುಕ್ಕು ಬರಿಯಾಕ ಹತ್ತಿದೆ. ಬಂದೂಕಿನ ಬಗ್ಗೆ ಸಿಕ್ಕದ್ದೆಲ್ಲಾ ಓದಿದೆ. ಓದಿದ್ರ ಆ ರಾತ್ರಿ ವಾಪಸ್ ಬರತೈತೇನು?"

ಪಡಸಾಲೆ ನಿಶ್ಶಬ್ದವಾಯಿತು. ಅಡುಗೆಮನೆಯ ಹೊಸ್ತಿಲಲ್ಲಿ ಹೂರಣದ ಕೈಯಲ್ಲಿ ಆಯಿ ನಿಂತಿದ್ದರು. ಅವರು ಯಾವಾಗ ಬಂದು ನಿಂತರೋ ಇಬ್ಬರಿಗೂ ತಿಳಿಯದು.

"ಭಾವನೋರಿಗೆ ಗೊತ್ತಿತ್ತು" ಎಂದರು ಆಯಿ.

ಮಾಸ್ತರರು ತಲೆಯೆತ್ತಿದರು.

"ಹೋದ ವರ್ಷ ಹಾಸಿಗಿ ಹಿಡದಾಗ ನನ್ನ ಮುಂದ ಅಂದ್ರು. ಗಾಯ ಮಾಯ್ದು ಅಟ್ಟಾ ಹತ್ತಿದಾಗ ಮಣೀ ಮ್ಯಾಲೆ ಶಾವಿಗಿ ಹಂಗ ಮದ್ದಿನ ಎಳಿ ಬಿದ್ದಿದ್ದು ನೋಡಿದ್ರಂತ. ತಾವ ಉಡಗಿ ಒಗದ್ರಂತ. 'ನಂಗ ಗೊತ್ತೈತಿ ಅಂತ ತಿಳದ್ರ ಅಂವ ಸಾಲಿ ಬಿಡ್ತಿದ್ದ. ಒಂದ ಕಣ್ಣ ಹೋಗಿತ್ತು. ಇನ್ನೊಂದನೂ ಯಾಕ ಕಳಕೊಳ್ಳಲಿ' ಅಂದ್ರು. ನಿಮಗ ಹೇಳಬ್ಯಾಡ ಅಂತ ಆಣಿ ತಗೊಂಡಿದ್ರು. ಇವತ್ತ ನೀವ ಹೇಳಿದ್ರಿ. ನನ್ನ ಆಣಿ ಮುಗೀತು."

ಇಷ್ಟು ಹೇಳಿ ಆಯಿ ಒಳಗೆ ಹೋದರು. ಒಲೆಯ ಮೇಲೆ ಹೋಳಿಗೆ ಇತ್ತು. ಮಾಸ್ತರರು ಸೀಸದ ತುಂಡನ್ನು ಮುಷ್ಟಿಯಲ್ಲಿ ಹಿಡಿದು ಬಹಳ ಹೊತ್ತು ಕುಳಿತಿದ್ದರು. ಹುಡುಗ ಕೂಡ ಏಳಲಿಲ್ಲ. ಗುಂಡು ಹಾರಿಸುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಕತ್ತಲಾದ ಮೇಲೆ ತಾನಾಗಿಯೇ ಬಂದೂಕನ್ನು ಒರೆಸಿ, ಹಿಂಬಾಗಿಲಿನ ಸುತ್ತ ದೀಪ ಹಿಡಿದು ನೋಡಿದ. "ಅಂದಿನ ಹೊಡತಕ್ಕ ಇಲ್ಲಿ ಕಬ್ಬಿಣದೊಳಗ ಏನಾಗೇತೋ ಹೊರಗಿನಿಂದ ತಿಳಿಯೂದಿಲ್ಲ ಅಜ್ಜಾ" ಎಂದ. ಮಾಸ್ತರರು ತಲೆಯಾಡಿಸಿದರು. ಹಳೆಯ ಬಂದೂಕಿಗೆ ಗುಂಡು ಆರಿಸುವವರು ಮೊದಲು ಕೇಳಬೇಕಾದ ಪ್ರಶ್ನೆ ಅದೇ. ನಳಿಗೆಯ ಅಳತೆ ಸಿಗುತ್ತದೆ, ಗುಂಡಿನ ತೂಕ ಸಿಗುತ್ತದೆ. ಹಿಂದೆ ಬಿದ್ದ ಪೆಟ್ಟು ಎಲ್ಲಿ ಅಡಗಿದೆಯೆಂಬುದು ಮಾತ್ರ ಯಾವ ಕಾಗದದ ಪಟ್ಟಿಗೂ ಸಿಗುವುದಿಲ್ಲ. ಅದು ತಿಳಿಯದೆ ಯಾವ ಗುಂಡೂ ಒಪ್ಪುವ ಗುಂಡಲ್ಲ.

ಮರುದಿನ ನವಮಿ. ಬಂದೂಕಿಗೆ ವಿಭೂತಿ, ಕುಂಕುಮ, ಚೆಂಡುಹೂವು. ಅದರ ಮುಂದೆ ಒಂದು ವೀಳ್ಯದೆಲೆಯ ಮೇಲೆ ಏಳು ಗೀರಿನ ಸೀಸದ ತುಂಡು, ಸೂಜಿ ಚುಚ್ಚಿದ ಕಾಗದದ ಪಟ್ಟಿ. ಪಕ್ಕದಲ್ಲಿ ಅಣ್ಣನ ಭಾವಚಿತ್ರ. ದಶಮಿಯ ಸಂಜೆ ಗುಂಡಿನ ಸದ್ದಿಲ್ಲದೆಯೇ ಮನೆಮಂದಿಯೆಲ್ಲ ಬನ್ನಿಗೆ ಹೊರಟರು. ಮರಳಿದ ಮೇಲೆ ಮೊಮ್ಮಗ ಅಜ್ಜನ ಕೈಗೆ ಬನ್ನಿಯೆಲೆ ಕೊಟ್ಟು ಕಾಲಿಗೆರಗಿದ. ಮಾಸ್ತರರು ಅದೇ ಎಲೆಯನ್ನು ಒಯ್ದು ಅಣ್ಣನ ಭಾವಚಿತ್ರದ ಮುಂದಿಟ್ಟು, ಕೈಮುಗಿದು, ಎಂದಿಗಿಂತ ತುಸು ಹೆಚ್ಚು ಹೊತ್ತು ನಿಂತರು.

ಹಬ್ಬ ಕಳೆದ ಮೇಲೆ ಅಜ್ಜ ಮೊಮ್ಮಗ ಇಬ್ಬರೂ ಠಾಣೆಗೆ ಹೋಗಿ, ಅರ್ಜಿ ಬರೆದುಕೊಟ್ಟು, ಡಬ್ಬಿಯ ಕಾಡತೂಸುಗಳನ್ನು ಒಪ್ಪಿಸಿ ರಸೀದಿ ಪಡೆದರು. ಬಂದೂಕು ಗೂಟದ ಮೇಲೆಯೇ ಇದೆ. ಬಂದ ನೆಂಟರು ಈಗಲೂ ಅದನ್ನು ನೋಡಿ, "ಇದು ಇನ್ನೂ ನಡೀತೈತೇನ್ರಿ ಮಾಸ್ತರ?" ಎಂದು ಕೇಳುತ್ತಾರೆ. ಮೊದಲು ಮಾಸ್ತರರು ಆ ಪ್ರಶ್ನೆಗೆ ಉತ್ತರಿಸುತ್ತಿರಲಿಲ್ಲ. ಈಗ ಗೂಡಿನಿಂದ ಸೀಸದ ತುಂಡನ್ನು ತೆಗೆದು ಅವರ ಅಂಗೈಯಲ್ಲಿಟ್ಟು, "ಇದಕ್ಕ ಒಪ್ಪೂ ಗುಂಡು ಇದೊಂದ. ಹಾರಸೂದಿಲ್ಲ, ಇಟಗೊಂಡೀವಿ" ಎನ್ನುತ್ತಾರೆ.